ಮನಾಲಿ–ಲೇಹ್ ಸೈಕಲ್ ದಾರಿ: ರಾತ್ರಿ ಎಲ್ಲಿ ಮಲಗುತ್ತೀರಿ?

(ಚಿತ್ರದುರ್ಗದಲ್ಲಿ ಸೈಕಲ್ ಸವಾರರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ದಾವಣಗೆರೆ, ಹರಿಹರ, ಹಿರಿಯೂರು ಕಡೆಯಿಂದ ಬಂದವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಲೇಹ್‌ಗೆ ಸೈಕಲ್ ಮೇಲೆ ಹೊರಟವರು ಮೊದಲು ಬಾಯಿಪಾಠ ಮಾಡುವುದು ಕಣಿವೆಗಳ ಎತ್ತರ. ರೋಹ್ತಾಂಗ್ 3,978 ಮೀಟರ್, ಬಾರಾಲಾಚಾ ಲಾ ಸುಮಾರು 4,890, ನಕೀ ಲಾ 4,740, ಲಾಚುಂಗ್ ಲಾ 5,060ರ ಆಸುಪಾಸು, ತಂಗ್‌ಲಾಂಗ್ ಲಾ 5,300ಕ್ಕೂ ಮೇಲೆ. ಲಾ ಅಂದರೆ ಅಲ್ಲಿಯ ಭಾಷೆಯಲ್ಲಿ ಬೆಟ್ಟಸಾಲು ದಾಟುವ ಎತ್ತರದ ದಾರಿ, ನಮ್ಮ ಮಾತಿನಲ್ಲಿ ಕಣಿವೆ. ಈ ಪಟ್ಟಿ ಗೋಡೆಗೆ ಅಂಟಿಸಿಕೊಳ್ಳಲು ಚೆನ್ನಾಗಿದೆ, ಪ್ರಯಾಣ ಯೋಜಿಸಲು ಸಾಲದು. ಕಣಿವೆಯ ನೆತ್ತಿಯಲ್ಲಿ ನೀವು ಇರುವುದು ಅರ್ಧ ಗಂಟೆ: ಫೋಟೊ ತೆಗೆದು, ಜಾಕೆಟ್ ಹಾಕಿ ಇಳಿಯುತ್ತೀರಿ. ದೇಹ ಹತ್ತು ಗಂಟೆ ಕಳೆಯುವುದು ಹಾಸಿಗೆ ಹಾಸಿದ ಜಾಗದಲ್ಲಿ. ಹಾಗಾಗಿ ನಕ್ಷೆಯ ಮೇಲೆ ಗುರುತು ಹಾಕಬೇಕಾದದ್ದು ಮಲಗುವ ಊರುಗಳ ಎತ್ತರ. ಇವತ್ತಿನ ಮಾತೆಲ್ಲ ಇದರ ಸುತ್ತಲೇ ತಿರುಗುತ್ತದೆ, ಗೇರಿನ ಹಲ್ಲಿನ ಲೆಕ್ಕ ಕೂಡ.

ನಾವು ಕೂತಿರುವ ಚಿತ್ರದುರ್ಗ ಸಮುದ್ರಮಟ್ಟದಿಂದ 730 ಮೀಟರ್ ಚಿಲ್ಲರೆ, ದಾವಣಗೆರೆ 600. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930. ಮನಾಲಿ ಪೇಟೆಯೇ 2,050 ಮೀಟರಿನಲ್ಲಿದೆ. ಅಂದರೆ ನಮ್ಮ ರಾಜ್ಯದ ನೆತ್ತಿ ಮುಗಿದ ಮೇಲೆ ಆ ದಾರಿ ಶುರುವಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಶೇಕಡಾ 21ರಷ್ಟೇ, ಇಳಿಯುವುದು ಗಾಳಿಯ ಒತ್ತಡ. ದಾವಣಗೆರೆಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ತಂಗ್‌ಲಾಂಗ್ ಲಾ ಮೇಲೆ ಸಿಗುವುದು ಶೇಕಡಾ 55ರಷ್ಟು. ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಕಾಲಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಊರಲ್ಲಿ ಎಲ್ಲರಿಗಿಂತ ಮುಂದೆ ಓಡುವವರಿಗೇ ಅಲ್ಲಿ ಮೊದಲು ತಲೆನೋವು ಬರುವುದುಂಟು, ಏಕೆಂದರೆ ಅವರು ಬೇಗ ಮೇಲೆ ತಲುಪಿಬಿಡುತ್ತಾರೆ.

ವೈದ್ಯರು ಒಪ್ಪಿದ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಜಾಗದಲ್ಲಿ ಉಳಿಯಬೇಕು. ಹಗಲು ಎಷ್ಟೇ ಮೇಲೆ ಹೋಗಿ ಬನ್ನಿ, ತೊಂದರೆ ಕಡಿಮೆ.

ಈ ಸೂತ್ರವನ್ನು ಮನಾಲಿ ದಾರಿಯ ಮೇಲೆ ಇಟ್ಟು ನೋಡಿ. ರೋಹ್ತಾಂಗ್ ಮೇಲೆ ಹೋದರೆ ಲೇಹ್‌ವರೆಗೆ ಸುಮಾರು 475 ಕಿ.ಮೀ. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇದರಲ್ಲಿ 46 ಕಿ.ಮೀ. ಉಳಿಸುತ್ತದೆ. ಲಾರಿಯವರಿಗೆ ಅದು ವರದಾನ. ಸೈಕಲ್‌ನವರಿಗೆ ಹಳೆಯ ದಾರಿಯೇ ಲಾಭ: ಲಾರಿಗಳು ಸುರಂಗಕ್ಕೆ ಹೋಗಿರುವುದರಿಂದ ರಸ್ತೆ ಖಾಲಿ, ಜೊತೆಗೆ ಸುಮಾರು 4,000 ಮೀಟರ್ ಮುಟ್ಟಿ 3,100ರ ಸಿಸ್ಸುವಿಗೆ ಇಳಿದು ಮಲಗುವ ಅವಕಾಶ. ಆ ಮೊದಲ ರುಚಿ ಮುಂದೆ ಕೆಲಸಕ್ಕೆ ಬರುತ್ತದೆ.

ಕೇಲಾಂಗ್ 3,080, ಜಿಸ್ಪಾ 3,200. ಇಲ್ಲಿಯವರೆಗೆ ಎಲ್ಲ ಸುಸೂತ್ರ. ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ಕೂಡಿ ಚಿನಾಬ್ ಆಗುವುದನ್ನು ನೋಡಲು ಒಂದು ಚಹಾದ ಹೊತ್ತು ನಿಲ್ಲಿ. ಆಮೇಲೆ ಎಡವಟ್ಟು ಶುರು. ಜಿಸ್ಪಾದಿಂದ ಹೊರಟವರು ಸಾಮಾನ್ಯವಾಗಿ ಝಿಂಗ್‌ಝಿಂಗ್‌ಬಾರ್‌ನಲ್ಲಿ ಮಲಗುತ್ತಾರೆ, 4,270 ಮೀಟರ್. ಒಂದೇ ದಿನಕ್ಕೆ ಸಾವಿರ ಮೀಟರ್ ನೆಗೆತ, ಅಂದರೆ ಸೂತ್ರದ ಎರಡರಷ್ಟು. ಇನ್ನೂ ಹುರುಪಿನವರು ಅದೇ ದಿನ ಭರತ್‌ಪುರದ ಡೇರೆಗಳವರೆಗೆ ಎಳೆಯುತ್ತಾರೆ. ರಾತ್ರಿ ತಲೆ ಸಿಡಿಯುವುದು, ಊಟ ಸೇರದಿರುವುದು, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಎಚ್ಚರವಾಗುವುದು ಇವರಿಗೇ.

ಇದಕ್ಕೆ ಮದ್ದು ಸಣ್ಣ ದಿನಗಳು. ಜಿಸ್ಪಾದಲ್ಲಿ ಎರಡು ರಾತ್ರಿ ಉಳಿಯಿರಿ. ಮೂರನೆಯ ದಿನ ದಾರ್ಚಾ ದಾಟಿ 3,800ರ ಸುಮಾರಿನ ಪಾತ್ಸೇವ್‌ನಲ್ಲಿ ನಿಲ್ಲಿ. ಮಧ್ಯಾಹ್ನಕ್ಕೇ ಸವಾರಿ ಮುಗಿದು ಬೇಜಾರಾಗುತ್ತದೆ, ಆಗಲಿ ಬಿಡಿ. ಮರುದಿನ ಝಿಂಗ್‌ಝಿಂಗ್‌ಬಾರ್. ಅದರ ಮರುದಿನ ಬಾರಾಲಾಚಾ ಏರಿ 4,290ರ ಸರ್ಚುವಿಗೆ ಇಳಿಯಿರಿ. ಹೀಗೆ ಮಾಡಿದರೆ ಸರ್ಚುವಿನ ರಾತ್ರಿ ಹೊಸ ಎತ್ತರವಲ್ಲ, ಹಿಂದಿನ ರಾತ್ರಿಯದೇ ಎತ್ತರ.

ಸರ್ಚುವನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. ಎತ್ತರದ ಕಾಯಿಲೆಗೆ ಖಚಿತ ಚಿಕಿತ್ಸೆ ಕೆಳಗಿಳಿಯುವುದು. ಸರ್ಚುವಿನಿಂದ ಕೆಳಗಿಳಿಯಲು ಮೊದಲು ಮೇಲೇರಬೇಕು! ಹಿಂದಕ್ಕೆ ಹೋದರೆ ಬಾರಾಲಾಚಾ, ಮುಂದಕ್ಕೆ ಹೋದರೆ ನಕೀ ಲಾ ಮತ್ತು ಲಾಚುಂಗ್ ಲಾ. 4,600 ಮೀಟರಿನ ಪಾಂಗ್‌ನ ಸ್ಥಿತಿಯೂ ಅದೇ, ಮುಂದೆ ತಂಗ್‌ಲಾಂಗ್ ಲಾ ಅಡ್ಡ ನಿಂತಿದೆ. ಬಾವಿಯ ತಳದಲ್ಲಿ ಕೂತಂತೆ, ಆದರೆ ಬಾವಿ ಇರುವುದೇ ಆಕಾಶದಲ್ಲಿ. ಆದ್ದರಿಂದ ತೀರ್ಮಾನ ಸರ್ಚುವಿನಲ್ಲಿ ತೆಗೆದುಕೊಳ್ಳುವಂಥದ್ದಲ್ಲ, ಝಿಂಗ್‌ಝಿಂಗ್‌ಬಾರ್‌ನ ಬೆಳಿಗ್ಗೆಯೇ ಆಗಬೇಕು. ಎದ್ದಾಗ ತಲೆನೋವು ಹೋಗಿದ್ದರೆ ಏರಿ. ಇದ್ದರೆ ಅಲ್ಲೇ ಇನ್ನೊಂದು ದಿನ ಕೂರಿ. ಹೆಚ್ಚಾಗಿದ್ದರೆ ಸೈಕಲ್ ತಿರುಗಿಸಿ, ಅಲ್ಲಿಂದ ಜಿಸ್ಪಾವರೆಗೆ ಬರೀ ಇಳಿಜಾರು.

ಎರಡು ಲಕ್ಷಣಗಳನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಸುಮ್ಮನೆ ಕೂತಾಗಲೂ ಏದುಸಿರು, ಕಫದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ, ಮಾತು ತಡವರಿಸಿದರೆ ಮಿದುಳು ಊದಿಕೊಳ್ಳುತ್ತಿದೆ. ಎರಡರಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಸಿಕ್ಕ ಗಾಡಿಯಲ್ಲಿ ಹತ್ತಿರದ ತಗ್ಗಿಗೆ ಇಳಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರ ಬಳಿಯೂ ಇರುತ್ತದೆ ಈಗ. 4,300 ಮೀಟರಿನಲ್ಲಿ ಅದು 80–85 ತೋರಿಸಿದರೆ ಹೌಹಾರಬೇಡಿ, ಹೊಸಬರಿಗೆ ಅದು ಮಾಮೂಲು. ತಣ್ಣಗಿನ ಬೆರಳಿಗೆ ಅದು ಸುಳ್ಳೂ ಹೇಳುತ್ತದೆ. ಅಂಕಿಗಿಂತ ಮನುಷ್ಯನ ಮುಖ ನೋಡಿ.

ಎತ್ತರಕ್ಕೆ ಒಗ್ಗಲು ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆ ಬಗ್ಗೆ ಒಂದು ಮಾತು. ರೂಢಿಯ ಪ್ರಮಾಣ 125 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧಿ ಒಗ್ಗದವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಉಳಿದವರೂ ಊರಲ್ಲೇ ವೈದ್ಯರನ್ನು ಕಂಡು, ಎರಡು ದಿನ ತೆಗೆದುಕೊಂಡು ನೋಡಿ ಹೊರಡುವುದು ವಾಸಿ. ಬೆರಳು ಜುಮುಗುಡುತ್ತದೆ, ಮೂತ್ರ ಹೆಚ್ಚುತ್ತದೆ, ಹಾಗಾಗಿ ನೀರು ಹೆಚ್ಚು ಕುಡಿಯಬೇಕು. ಮಾತ್ರೆ ಇದೆಯೆಂದು ದಿನ ಕಡಿತಗೊಳಿಸುವುದು ತಪ್ಪು. ಅದು ಒಗ್ಗಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ ಅಷ್ಟೇ.

ಇಷ್ಟು ಕೇಳಿ ಗಾಬರಿಯಾದವರಿಗೆ ಶ್ರೀನಗರ ದಾರಿ ಇದೆ. ಮೊದಲ ಸಲ ಹೋಗುವವರಿಗೆ ನಮ್ಮ ಶಿಫಾರಸೂ ಅದೇ. ಸುಮಾರು 430 ಕಿ.ಮೀ. ಝೋಜಿ ಲಾ 3,528, ನಮಿಕಾ ಲಾ 3,700, ಫೋತು ಲಾ 4,108. ಮಲಗುವ ಊರುಗಳ ಎತ್ತರ ನೋಡಿ: ಸೋನಾಮಾರ್ಗ್ 2,700, ದ್ರಾಸ್ 3,200 ದಾಟಿ, ಕಾರ್ಗಿಲ್ 2,680, ಮುಲ್‌ಬೆಖ್ 3,300, ಲಾಮಾಯುರು 3,500, ಲೇಹ್ 3,500. ಎಲ್ಲೂ ದೊಡ್ಡ ನೆಗೆತವಿಲ್ಲ, ದ್ರಾಸ್ ಆದ ಮೇಲೆ ಕಾರ್ಗಿಲ್‌ಗೆ ಇಳಿದು ದೇಹ ಸುಧಾರಿಸಿಕೊಳ್ಳುತ್ತದೆ. ಪ್ರತಿ ರಾತ್ರಿಗೂ ಊರು, ಊಟ ಇದೆ. ಹೀಗೆ ಲೇಹ್ ಮುಟ್ಟಿ, ನಾಲ್ಕು ದಿನ ಅಲ್ಲಿದ್ದು, 40 ಕಿ.ಮೀ. ದೂರದ ಖರ್ದುಂಗ್ ಲಾ ಏರಿ ಸಂಜೆಗೆ ವಾಪಸ್ ಬಂದು, ಆಮೇಲೆ ಮನಾಲಿ ಕಡೆ ಇಳಿಯುವವರಿಗೆ ಸರ್ಚುವಿನ ಭಯ ಬಹುಪಾಲು ಇಲ್ಲ. ಅಂದಹಾಗೆ ಖರ್ದುಂಗ್ ಲಾದ ಹಳೆಯ ಫಲಕ 18,380 ಅಡಿ ಎಂದು ಹೇಳುತ್ತಿತ್ತು. ಅಳತೆ ಮಾಡಿದರೆ ಅದು 5,359 ಮೀಟರ್, ಅಂದರೆ 17,582 ಅಡಿ. ಹಿಮಾಲಯದ ಫಲಕಗಳಿಗೆ ಉತ್ಸಾಹ ಸ್ವಲ್ಪ ಹೆಚ್ಚು.

ದಾರ್ಚಾದಿಂದ ಶಿಂಕು ಲಾ ದಾಟಿ ಪದುಮ್ ಮೂಲಕ ನಿಮ್ಮುವಿನಲ್ಲಿ ಕಾರ್ಗಿಲ್–ಲೇಹ್ ಹೆದ್ದಾರಿ ಸೇರುವ 298 ಕಿ.ಮೀ. ದಾರಿಯನ್ನು ಗಡಿ ರಸ್ತೆ ಸಂಸ್ಥೆ 2024ರಲ್ಲಿ ಪೂರ್ತಿ ಜೋಡಿಸಿತು. ಕಣಿವೆ ಒಂದೇ, ಆದರೆ 5,091 ಮೀಟರ್. ಎರಡನೆಯ ಸಲ ಹೋಗುವವರು ಯೋಚಿಸಬಹುದು.

ಈಗ ಸೈಕಲ್ ವಿಷಯ. ಇಲ್ಲಿ ಹೆಚ್ಚು ಹೊತ್ತು ನಿಲ್ಲೋಣ, ಏಕೆಂದರೆ ನಮ್ಮ ಬಯಲುಸೀಮೆಯಿಂದ ಹೋಗುವವರು ತಪ್ಪುವುದು ಗೇರಿನಲ್ಲೇ.

ಸವಾರ 65 ಕೆ.ಜಿ., ಸೈಕಲ್ 14, ಸಾಮಾನು 16, ಒಟ್ಟು 95 ಕೆ.ಜಿ. ಎಂದಿಟ್ಟುಕೊಳ್ಳಿ. ಆ ರಸ್ತೆಗಳ ಏರು ಬಹುತೇಕ ನೂರು ಮೀಟರಿಗೆ ಐದಾರು ಮೀಟರ್. ಜಲ್ಲಿ ರಸ್ತೆಯ ಎಳೆತವನ್ನೂ ಸೇರಿಸಿದರೆ ಚಕ್ರವನ್ನು ಮುಂದೆ ತಳ್ಳಲು ಸುಮಾರು 65 ನ್ಯೂಟನ್ ಬಲ ಬೇಕು. ಮುಂದಿನ ಚೈನ್‌ವೀಲ್‌ನಲ್ಲಿ 34 ಹಲ್ಲು, ಹಿಂದೆ ದೊಡ್ಡದರಲ್ಲಿ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 2.2 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ., ಅದಕ್ಕೆ ಬೇಕಾದ ಶಕ್ತಿ 143 ವಾಟ್. ಇಲ್ಲಿ ಹೊಳಲ್ಕೆರೆ ರಸ್ತೆಯಲ್ಲಿ ದಿನವಿಡೀ 150 ವಾಟ್ ತುಳಿಯುವ ಆಳು 5,000 ಮೀಟರಿನಲ್ಲಿ ತುಳಿಯಬಲ್ಲದ್ದು 100 ವಾಟ್ ಮಾತ್ರ. 1,500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ದೇಹದ ದುಡಿಮೆ ಶೇಕಡಾ ಒಂದರಷ್ಟು ಇಳಿಯುತ್ತದೆ ಎಂಬುದು ಒರಟು ಲೆಕ್ಕ. ಸಾಲದ 43 ವಾಟ್ ಎಲ್ಲಿಂದ ತರುತ್ತೀರಿ? ಪೆಡಲ್ ನಿಧಾನ ಮಾಡಿ, ನಿಮಿಷಕ್ಕೆ 40 ಸುತ್ತಿನಲ್ಲಿ ಎದ್ದು ನಿಂತು ತುಳಿಯುತ್ತೀರಿ. ಹತ್ತು ನಿಮಿಷಕ್ಕೆ ಉಸಿರು ಕಟ್ಟುತ್ತದೆ, ಮೂರನೆಯ ದಿನಕ್ಕೆ ಮೊಣಕಾಲು ಕೈಕೊಡುತ್ತದೆ.

ಮುಂದೆ 22 ಹಲ್ಲು, ಹಿಂದೆ 34 ಇದ್ದರೆ ಒಂದು ಸುತ್ತಿಗೆ 1.4 ಮೀಟರ್. ಅದೇ 60 ಸುತ್ತಿಗೆ ಗಂಟೆಗೆ 5 ಕಿ.ಮೀ., ಬೇಕಾದದ್ದು 92 ವಾಟ್. ಕೂತೇ ಹೋಗಬಹುದು, ಮಾತಾಡುತ್ತ ಹೋಗಬಹುದು. ಹಾಗಾಗಿ ನಿಯಮ ಇಷ್ಟು: ಮುಂದಿನ ಸಣ್ಣ ಹಲ್ಲನ್ನು ಹಿಂದಿನ ದೊಡ್ಡ ಹಲ್ಲಿನಿಂದ ಭಾಗಿಸಿದಾಗ 0.7ಕ್ಕಿಂತ ಕಡಿಮೆ ಬರಬೇಕು. ಮುಂದೆ ಒಂದೇ ಚೈನ್‌ವೀಲ್ ಇರುವ ಹೊಸ ಎಂಟಿಬಿಗಳಲ್ಲಿ (ಗುಡ್ಡಗಾಡಿನ ಸೈಕಲ್) 32ಕ್ಕೆ 51 ಇರುತ್ತದೆ, 0.63, ಚಿಂತೆಯಿಲ್ಲ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಏಳು ಗೇರಿನ ಹೈಬ್ರಿಡ್‌ಗಳಲ್ಲಿ ಮುಂದೆ 28, ಹಿಂದೆ 28, ಭಾಗಿಸಿದರೆ ಒಂದು. ಇದಕ್ಕೆ 34 ಹಲ್ಲಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿದರೆ 0.82ಕ್ಕೆ ಬರುತ್ತದೆ, ಆದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ನ ತೋಳು ಉದ್ದದ್ದಿರಬೇಕು. ಇಲ್ಲದಿದ್ದರೆ ದೊಡ್ಡ ಹಲ್ಲಿಗೆ ಚೈನ್ ಏರುವಾಗ ಎಳೆದು ಹಿಡಿದು ಡಿರೇಲರೇ ಮುರಿಯುತ್ತದೆ. 0.82 ಇಟ್ಟುಕೊಂಡೇ ಹೋಗುವವರು ಸಾಮಾನು 16ರಿಂದ 10 ಕೆ.ಜಿ.ಗೆ ಇಳಿಸಿ, ಕೆಲವು ಏರು ತಳ್ಳಿಕೊಂಡು ಹೋಗಲು ತಯಾರಿರಿ. ತಳ್ಳಿದರೂ ಗಂಟೆಗೆ ಮೂರು-ನಾಲ್ಕು ಕಿ.ಮೀ. ಸಾಗುತ್ತದೆ, ಮರ್ಯಾದೆ ಏನೂ ಹೋಗುವುದಿಲ್ಲ.

ಮುರಿಯುವ ಭಾಗಗಳು ಯಾವುವು? ಮೊದಲನೆಯದು ಹಿಂದಿನ ಚಕ್ರದ ಕಡ್ಡಿ, ಅದೂ ಗೇರಿರುವ ಬಲಗಡೆ. ಭಾರಕ್ಕೆ ಮುರಿಯುತ್ತದೆ ಎಂದುಕೊಳ್ಳುತ್ತೇವೆ. ನಿಜವಾಗಿ ಕಡ್ಡಿ ಸಡಿಲವಿದ್ದು, ಪ್ರತಿ ಸುತ್ತಿಗೂ ಎಳೆದು ಬಿಟ್ಟು ಎಳೆದು ಬಿಟ್ಟು ಬಾಗಿದ ಜಾಗದಲ್ಲಿ ಲೋಹ ದಣಿದು ಮುರಿಯುತ್ತದೆ. ಹೊರಡುವ ಒಂದು ತಿಂಗಳ ಮೊದಲು ಚಕ್ರವನ್ನು ಬಲ್ಲವರ ಕೈಯಲ್ಲಿ ಬಿಗಿ ಮಾಡಿಸಿ, 200 ಕಿ.ಮೀ. ಓಡಿಸಿ, ಮತ್ತೊಮ್ಮೆ ಬಿಗಿ ಮಾಡಿಸಿ. ಬಲಗಡೆಯ ಕಡ್ಡಿ ಎಡಗಡೆಯದಕ್ಕಿಂತ ಒಂದೆರಡು ಮಿ.ಮೀ. ಗಿಡ್ಡ, ಆದ್ದರಿಂದ ಎರಡೂ ಅಳತೆಯವು ಮೂರು ಮೂರು ಇರಲಿ, ಫ್ರೇಮಿಗೆ ಟೇಪ್ ಸುತ್ತಿ ಕಟ್ಟಿ. ಬಲಗಡೆಯದನ್ನು ಹಾಕಲು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವ ಕೀ ಬೇಕೇ ಬೇಕು. ಕಡ್ಡಿ ತಂದು ಕೀ ಮರೆತವರು ಬಹಳ.

ಎರಡನೆಯದು ಡಿರೇಲರ್ ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಆ ಬೆರಳುದ್ದದ ಅಲ್ಯೂಮಿನಿಯಂ ತುಂಡು ಪ್ರತಿ ಮಾದರಿಗೂ ಬೇರೆ. ಸೈಕಲ್ ಬಲಕ್ಕೆ ಬಿದ್ದರೆ ಅದು ಬಾಗುತ್ತದೆ, ಮತ್ತೆ ನೇರ ಮಾಡಲು ಹೋದರೆ ಮುರಿಯುತ್ತದೆ. ಕೇಲಾಂಗ್ ಬಿಟ್ಟರೆ ಲೇಹ್‌ವರೆಗೆ ಸೈಕಲ್ ಅಂಗಡಿಯಿಲ್ಲ. ನಿಮ್ಮ ಮಾದರಿಯದನ್ನೇ ಒಂದು ತರಿಸಿ ಜೇಬಿನಲ್ಲಿಡಿ, ತೂಕ ಇಪ್ಪತ್ತು ಮೂವತ್ತು ಗ್ರಾಂ.

ಮೂರನೆಯದು ಕ್ಯಾರಿಯರ್. ಉಕ್ಕಿನದಾದರೆ ರಸ್ತೆ ಬದಿಯ ವೆಲ್ಡಿಂಗ್‌ನವನು ಅಂಟಿಸುತ್ತಾನೆ, ಅಲ್ಯೂಮಿನಿಯಂ ಆದರೆ ಅವನೂ ಕೈಚೆಲ್ಲುತ್ತಾನೆ. ಮುರಿಯುವ ಮೊದಲು ಬೋಲ್ಟ್ ಸಡಿಲವಾಗಿರುತ್ತದೆ. ದಿನಾ ಬೆಳಿಗ್ಗೆ ಅಲೆನ್ ಕೀ ಹಾಕಿ ಒಂದು ಸುತ್ತು ನೋಡಿ. ಸಾಮಾನೆಲ್ಲ ಹಿಂದೆಯೇ ಹೇರಿದರೆ ಏರಿನಲ್ಲಿ ಮುಂದಿನ ಚಕ್ರ ತೇಲುತ್ತದೆ, ಹಿಂದಿನ ಕಡ್ಡಿ ಸಾಯುತ್ತದೆ. ಹತ್ತರಲ್ಲಿ ನಾಲ್ಕು ಪಾಲು ಮುಂದೆ ಇರಲಿ.

ಟೈರು 40ರಿಂದ 50 ಮಿ.ಮೀ. ಅಗಲ, ಟ್ಯೂಬು ಮೂರು, ಮಡಚುವ ಟೈರು ಒಂದು, ಹಳೆಯ ಟೈರಿನ ಅಂಗೈಯಗಲದ ತುಂಡು ಒಂದು. ಟೈರು ಸೀಳಿದಾಗ ಒಳಗಿಡಲು ಆ ತುಂಡಿಗಿಂತ ಒಳ್ಳೆಯದಿಲ್ಲ. ಗೇರಿನ ಕೇಬಲ್, ಬ್ರೇಕ್ ಕೇಬಲ್ ಒಂದೊಂದು, ಚೈನ್ ಜೋಡಿಸುವ ಕೊಂಡಿ ಎರಡು. ಬ್ರೇಕಿನ ಪ್ಯಾಡ್ ಎರಡು ಜೊತೆ, ಡಿಸ್ಕ್ ಆದರೆ ಲೋಹದ ಪುಡಿಯವು. ರೆಸಿನ್ ಪ್ಯಾಡುಗಳು ಕೆಸರುನೀರಿನಲ್ಲಿ ಒಂದೇ ಇಳಿಜಾರಿಗೆ ಸವೆದದ್ದುಂಟು. ತಂಗ್‌ಲಾಂಗ್ ಲಾದಿಂದ ಉಪ್ಶಿವರೆಗೆ ಸುಮಾರು 60 ಕಿ.ಮೀ.ಯಲ್ಲಿ 1,900 ಮೀಟರ್ ಇಳಿಯುತ್ತೀರಿ. ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಮುಂದಿನದು ಹಿಂದಿನದು ಎರಡಕ್ಕೂ ಆರಲು ಹೊತ್ತು ಕೊಡಿ.

ದಿನದ ಹೊತ್ತಿನ ಬಗ್ಗೆ ಹೇಳುವುದಾದರೆ ಆರು ಗಂಟೆಗೆ ಚಕ್ರ ಉರುಳಬೇಕು. ಹಿಮ ಕರಗಿದ ನೀರು ರಸ್ತೆಗೆ ಅಡ್ಡ ಹರಿಯುವ ನಾಲಾಗಳು ಬೆಳಿಗ್ಗೆ ಪಾದ ಮುಳುಗುವಷ್ಟಿರುತ್ತವೆ, ಬಿಸಿಲೇರಿ ಮಧ್ಯಾಹ್ನ ಮೂರಕ್ಕೆ ಮೊಣಕಾಲು ದಾಟುತ್ತವೆ. ಹತ್ತು ಹನ್ನೊಂದರೊಳಗೆ ದಾಟಿ. ಕಲ್ಲು ಕಾಣದ ಕಡೆ ಸವಾರಿ ಬೇಡ, ಇಳಿದು ಸೈಕಲನ್ನು ನೀರು ಹರಿದು ಹೋಗುವ ಬದಿಗೆ ಇಟ್ಟುಕೊಂಡು ತಳ್ಳಿ, ಮೇಲಿನ ಬದಿಗಿದ್ದರೆ ಸೈಕಲ್ ನಿಮ್ಮ ಮೇಲೇ ಬೀಳುತ್ತದೆ. ಮಧ್ಯಾಹ್ನದ ಗಾಳಿ ಇನ್ನೊಂದು ಕಾಟ. ಪಾಂಗ್ ಮೇಲಿನ ಮೋರೆ ಬಯಲು 4,700 ಮೀಟರಿನಲ್ಲಿ ನಲವತ್ತು ಕಿ.ಮೀ. ಚಪ್ಪಟೆ. ನಕ್ಷೆಯಲ್ಲಿ ಎರಡು ಗಂಟೆಯ ಹಾದಿ, ಎದುರುಗಾಳಿ ಸಿಕ್ಕರೆ ಐದು ಗಂಟೆ. ನೀರಿನ ಆಸರೆಯೂ ಕಡಿಮೆ, ಮೂರು-ನಾಲ್ಕು ಲೀಟರ್ ತುಂಬಿಕೊಂಡೇ ಹೊರಡಿ.

ಊಟಕ್ಕೆ ಒಲೆ ಹೊರಬೇಕಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಝಿಂಗ್‌ಝಿಂಗ್‌ಬಾರ್, ಭರತ್‌ಪುರ, ಸರ್ಚು, ಪಾಂಗ್, ದೆಬ್ರಿಂಗ್‌ಗಳಲ್ಲಿ ಡೇರೆ ಢಾಬಾಗಳಿರುತ್ತವೆ, ಅನ್ನ-ರಾಜ್ಮಾ, ಮ್ಯಾಗಿ, ಹಾಸಿಗೆ ಸಿಗುತ್ತದೆ. 4,500 ಮೀಟರಿನಲ್ಲಿ ನೀರು 85 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ತೊಂದರೆ ಇರುವುದು ಹಸಿವಾಗದಿರುವುದರಲ್ಲಿ. ಅಲ್ಲಿ ಸೇರುವುದು ನಾಲಿಗೆಗೆ ಪರಿಚಯದ ತಿನಿಸು. ಕಟಕು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ ಒಯ್ಯಿರಿ. ರೊಟ್ಟಿ ಪುಡಿಯಾದರೂ ಕೆಡುವುದಿಲ್ಲ, ಶೇಂಗಾ ಉಂಡೆ ನೂರು ಗ್ರಾಮಿಗೆ ಐನೂರು ಕ್ಯಾಲೊರಿ ಸಮೀಪ. ದಾವಣಗೆರೆಯವರು ಮಂಡಕ್ಕಿ ಚೀಲ ಕಟ್ಟಬೇಡಿ, ಜಾಗ ತಿನ್ನುತ್ತದೆ, ಶಕ್ತಿ ಕೊಡುವುದಿಲ್ಲ.

ಕಾಲ ಯಾವುದು? ಜುಲೈ-ಆಗಸ್ಟ್‌ನಲ್ಲಿ ಮನಾಲಿ ಬದಿ ಮಳೆ, ಭೂಕುಸಿತ. ಬಾರಾಲಾಚಾ ಆಚೆ ಮಳೆನೆರಳು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೂರನೆಯ ವಾರ ಒಳ್ಳೆಯದು, ಆದರೆ ರಾತ್ರಿ ಸೊನ್ನೆಗಿಂತ ಕೆಳಗೆ. ಢಾಬಾದ ರಜಾಯಿ ಇದ್ದರೂ ಮೈನಸ್ 5 ತಡೆಯುವ ಸ್ಲೀಪಿಂಗ್ ಬ್ಯಾಗ್ ಇರಲಿ. ಕೇಲಾಂಗ್‌ನಲ್ಲೇ ನಗದು ತೆಗೆದುಕೊಳ್ಳಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಕೇಳಿಬಂದ ಪ್ರಶ್ನೆಗಳು

"ಸರ್, ಮೇಲೆ ಹೋದಂಗೆಲ್ಲ ಟೈರು ಸಿಡೀತಾವಂತೆ, ಗಾಳಿ ಇಳಿಸ್ಬೇಕಾ?"

ಬೇಡ. ಮನಾಲಿಯಲ್ಲಿ 50 ಪಿಎಸ್‌ಐ ತುಂಬಿದರೆ ಹೊರಗಿನ ಒತ್ತಡ ಇಳಿದದ್ದಕ್ಕೆ ತಂಗ್‌ಲಾಂಗ್ ಲಾದಲ್ಲಿ ನಾಲ್ಕು ಪಿಎಸ್‌ಐ ಏರುತ್ತದೆ. ಇಪ್ಪತ್ತು ಡಿಗ್ರಿ ಚಳಿ ಹೆಚ್ಚಾದದ್ದಕ್ಕೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅಲ್ಲಿ ಕಷ್ಟವಿರುವುದು ಪಂಚರ್ ಆದಾಗ ಪಂಪ್ ಹೊಡೆಯುವುದರಲ್ಲಿ. ಗಾಳಿ ತೆಳುವಾದ್ದರಿಂದ ಇಲ್ಲಿ ನೂರು ಸಲ ಒತ್ತಿದರೆ ಸಾಕಾಗುವ ಕಡೆ ಅಲ್ಲಿ ಇನ್ನೂರರ ಹತ್ತಿರ ಒತ್ತಬೇಕು, ಉಸಿರೂ ಇರುವುದಿಲ್ಲ. ದೊಡ್ಡ ಪಂಪ್ ಒಯ್ಯಿರಿ.

"ನಮ್ಮ ಕಡೆ ಅಭ್ಯಾಸ ಎಲ್ಲಿ ಮಾಡೋದು?"

ಎತ್ತರದ ಅಭ್ಯಾಸ ಇಲ್ಲಿ ಸಾಧ್ಯವಿಲ್ಲ, ಉಳಿದದ್ದೆಲ್ಲ ಸಾಧ್ಯ. ಏರಿಗೆ ಜೋಗಿಮಟ್ಟಿ ಇದೆ, ಕಾಡಿನ ಪ್ರದೇಶವಾದ್ದರಿಂದ ಅರಣ್ಯ ಇಲಾಖೆಯ ಸಮಯ ಕೇಳಿಕೊಂಡು ಹೋಗಿ. ಸಾಮಾನು ಹೇರಿಕೊಂಡೇ ಏರಿ, ಸಣ್ಣ ಗೇರಿನಲ್ಲಿ, ಪಕ್ಕದವರ ಜೊತೆ ಮಾತಾಡುವಷ್ಟು ನಿಧಾನಕ್ಕೆ. ಎದುರುಗಾಳಿಗಂತೂ ಚಿತ್ರದುರ್ಗಕ್ಕಿಂತ ಬೇರೆ ಜಾಗ ಬೇಕೆ? ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಜೂನ್-ಜುಲೈನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಾಲ್ಕು ಗಂಟೆ ತುಳಿಯಿರಿ. ಒಂದು ದಿನ ದಾವಣಗೆರೆಯಿಂದ ಇಲ್ಲಿಗೆ, ಮರುದಿನ ವಾಪಸ್, ಮೂರನೆಯ ದಿನ ಮತ್ತೆ. ಸತತ ಮೂರು ದಿನ ಕೂತ ಜಾಗ ನೋಯದಿದ್ದರೆ ಸೀಟು ಸರಿಯಿದೆ ಎಂದರ್ಥ.

"ರೈಲಿನಲ್ಲಿ ಸೈಕಲ್ ಹೇಗೆ ಕಳಿಸೋದು?"

ಪಾರ್ಸೆಲ್ ಕಚೇರಿಯಲ್ಲಿ ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಬಹುದು. ದಾವಣಗೆರೆಯಲ್ಲಿ ದೂರದ ರೈಲುಗಳು ನಿಲ್ಲುವುದು ಒಂದೆರಡು ನಿಮಿಷ, ಅಷ್ಟರಲ್ಲಿ ಹೇರದಿದ್ದರೆ ನೀವು ಮುಂದೆ, ಸೈಕಲ್ ಪ್ಲಾಟ್‌ಫಾರಂ ಮೇಲೆ. ಆದ್ದರಿಂದ ರೈಲು ಹೊರಡುವ ನಿಲ್ದಾಣದಲ್ಲೇ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ, ಹೇರಿಸುವುದು ಕ್ಷೇಮ. ಅಂಗಡಿಯಿಂದ ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆ ಕೇಳಿ ತನ್ನಿ. ಹಿಂದಿನ ಡಿರೇಲರ್ ಬಿಚ್ಚಿ ಚೌಕಟ್ಟಿನ ಒಳಗೆ ಕಟ್ಟಿ, ಹ್ಯಾಂಗರ್ ಉಳಿಯುತ್ತದೆ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ಕಾಲುಗಳ ನಡುವೆ ಮರದ ತುಂಡು ಸಿಕ್ಕಿಸಿ. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ಉಲ್ಟಾ ಮರೆ (ತಿರುಪಿನ ಥ್ರೆಡ್) ಇರುತ್ತದೆ. ಸ್ಪ್ಯಾನರನ್ನು ಮೇಲ್ಮುಖವಾಗಿ ಸಿಕ್ಕಿಸಿ ಹಿಂದಿನ ಚಕ್ರದ ಕಡೆ ಎಳೆಯಿರಿ, ಎರಡೂ ಬದಿಯವು ಹಾಗೆಯೇ ಸಡಿಲವಾಗುತ್ತವೆ. ಮತ್ತೆ ಹಾಕುವ ಮುನ್ನ ಮರೆಗೆ ಗ್ರೀಸ್ ಹಚ್ಚಿ.